ಇದು ಬ್ರೇಕು, ಇದನ್ನು ತುಳಿಯಬೇಕು

ನನಗೆ ಮರೆವಿನ ಕಾಯಿಲೆ ಬಂದಿದೆ ಎಂದು ಬೀದಿಯಲ್ಲೆಲ್ಲ ಡಂಗುರ ಹೊಡೆದವರಲ್ಲಿ ಒಬ್ಬರಾದರೂ ಬಂದು ‘ತಪ್ಪಾಯಿತು’ ಎನ್ನುತ್ತಾರೇನೋ ಎಂದು ಎರಡು ತಿಂಗಳು ಕಾದೆ. ಒಂದು ನರಪಿಳ್ಳೆ ಬರಲಿಲ್ಲ. ಎದುರುಮನೆಯ ಕಾಂಪೌಂಡರ್ ಅಂತೂ ಈಗಲೂ ನನ್ನನ್ನು ಕಂಡರೆ ‘ಇವತ್ತು ಯಾವ ವಾರ ಡ್ರೈವರ್ರೇ’ ಎಂದು ಕೇಳುವುದನ್ನು ಬಿಟ್ಟಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತಿದ್ದೇನೆ. ಓದಿದವರು ಯಾರಿಗೆ ತಲೆ ಕೆಟ್ಟಿತ್ತು ಎಂದು ತಾವೇ ತೀರ್ಮಾನ ಮಾಡಲಿ.

ನಾನು ಬಸ್ ಡ್ರೈವರ್. ಮೂವತ್ತೊಂದು ವರ್ಷದಿಂದ ಇಪ್ಪತ್ತೇಳನೇ ನಂಬರಿನ ಬಸ್ಸು ಓಡಿಸುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಒಂದು ನಾಯಿಯ ಬಾಲಕ್ಕೂ ಚಕ್ರ ತಗುಲಿಸಿದವನಲ್ಲ. ಕೋಪ ಸ್ವಲ್ಪ ಜಾಸ್ತಿ ಎಂದು ಜನ ಹೇಳುತ್ತಾರೆ. ದಿನಕ್ಕೆ ಎಂಟು ಗಂಟೆ ರಸ್ತೆಯಲ್ಲಿದ್ದು, ಜನ ಹೇಗೆ ಗಾಡಿ ಓಡಿಸುತ್ತಾರೆ ಎಂದು ಕಣ್ಣಾರೆ ನೋಡಿಯೂ ಕೋಪ ಬರದ ಮನುಷ್ಯನಿದ್ದರೆ ಮೊದಲು ಅವನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಇನ್ನು ಮನೆಯಲ್ಲಿ ಕನ್ನಡಕ ಎಲ್ಲಿ, ಬೀಗದ ಕೈ ಎಲ್ಲಿ ಎಂದು ನಾನು ದಿನಾ ಹುಡುಕುವುದು ನಿಜ. ಒಂದು ಸಲ ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕಿದ್ದೂ ನಿಜ. ಅದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೆಂಡತಿ ಈ ಪುಸ್ತಕದ ಅಂಚಿನಲ್ಲಿ ಬರೆದಿಡುತ್ತಾಳೆ.

ಎಲ್ಲ ಶುರುವಾದದ್ದು ಸೊಸೆಯಿಂದ. ನನ್ನ ಮಗ ಪ್ರೆಸ್ಸಿನಲ್ಲಿ ಮೆಷಿನ್ ನಡೆಸುವವನು. ಎರಡು ವರ್ಷ ದೂರದ ಊರಿನ ಪ್ರೆಸ್ಸಿನಲ್ಲಿದ್ದು, ಅಲ್ಲಿಯ ಭಾಷೆ ಕಲಿತು, ಅಲ್ಲಿಯ ಹುಡುಗಿಯನ್ನೇ ಕಟ್ಟಿಕೊಂಡು ಬಂದ. ಒಳ್ಳೆಯ ಹುಡುಗಿ. ತನ್ನ ಊರಲ್ಲಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಿದ್ದಳಂತೆ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಣ್ಣಿಗೆ ಬೀಳುತ್ತಿತ್ತಂತೆ. ಆದರೆ ನಮ್ಮ ಭಾಷೆ ಒಂದಕ್ಷರ ಬಾರದು. ಗಂಡ ಹೆಂಡತಿ ಅವಳ ಭಾಷೆಯಲ್ಲಿ ಮಾತಾಡಿಕೊಂಡು ನಗುವರು, ನಾವಿಬ್ಬರು ಅತ್ತೆಮಾವ ಊಟದ ಮೇಜಿನ ಈಚೆ ಕಲ್ಲಿನ ಹಾಗೆ ಕೂತಿರುವುದು. ಹೀಗೆ ನಾಲ್ಕು ತಿಂಗಳು ಕಳೆಯಿತು.

ಅವಳನ್ನು ಸಂಜೆ ತರಗತಿಗೆ ಸೇರಿಸಿದೆವು. ಗ್ರಂಥಾಲಯದ ಮಹಡಿಯಲ್ಲಿ, ವಾರಕ್ಕೆ ನಾಲ್ಕು ದಿನ, ಹೊರಗಿನಿಂದ ಬಂದವರಿಗೆಂದೇ ನಡೆಸುವ ಭಾಷಾ ತರಗತಿ. ಒಂದು ದಿನ ಅವಳ ಹೋಮ್‌ವರ್ಕ್ ಪುಸ್ತಕ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು. ‘ಕುರ್ಚಿ’ ಎಂದು ಇಪ್ಪತ್ತು ಸಲ ಬರೆಯಬೇಕು. ಮೊದಲಿನ ಐದು ಕುರ್ಚಿ ನೆಟ್ಟಗಿದ್ದವು. ಹತ್ತನೆಯದು ಒರಗಿತ್ತು. ಹದಿನಾಲ್ಕನೆಯ ಕುರ್ಚಿಯ ಮೇಲೆ ಹುಡುಗಿ ಕೆನ್ನೆಯಿಟ್ಟು ನಿದ್ದೆ ಹೋಗಿದ್ದಳು. ಕೂದಲೆಳೆ ವ್ಯತ್ಯಾಸ ಕಂಡುಹಿಡಿಯುವವಳನ್ನು ಹಾಡುಹಗಲೇ ನಿದ್ದೆ ಹೊಡೆಸಿದ ಆ ಹೋಮ್‌ವರ್ಕು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ಮಾರನೆಯ ದಿನವೇ ಮಹಡಿ ಹತ್ತಿ ತರಗತಿಯ ಮೇಡಮ್ಮನ್ನು ಕೇಳಿದೆ.

“ಇದು ಹೋಮ್‌ವರ್ಕೋ, ಜೈಲು ಶಿಕ್ಷೆಯೋ?”

“ನಲವತ್ತೆರಡು ಜನ ಇದ್ದಾರೆ ನನ್ನ ಕ್ಲಾಸಲ್ಲಿ,” ಎಂದರು ಮೇಡಂ, ಡಸ್ಟರ್ ಕೆಳಗಿಡದೆ. “ಒಬ್ಬೊಬ್ಬರಿಗೂ ಮನರಂಜನೆ ಕೊಡ್ತಾ ಕೂರೋಕೆ ಆಗುತ್ತಾ? ನಿಮಗೆ ಅಷ್ಟು ಚೆನ್ನಾಗಿ ಗೊತ್ತಿದ್ರೆ ಮನೇಲಿ ನೀವೇ ಮಾಡ್ಸಿ.”

ಅವರು ರೇಗಿ ಹೇಳಿದ್ದನ್ನು ನಾನು ನೇಮಕಾತಿ ಆದೇಶವೆಂದು ತಿಳಿದೆ. ಮೆಟ್ಟಿಲಿಳಿಯುವಾಗಲೇ ನನ್ನ ನಡಿಗೆ ಬದಲಾಗಿತ್ತು. ಗಂಟಲು ಸರಿಮಾಡಿಕೊಂಡೆ. ಮೇಷ್ಟ್ರುಗಳು ಏಕೆ ಅಷ್ಟೊಂದು ಗಂಟಲು ಸರಿಮಾಡಿಕೊಳ್ಳುತ್ತಾರೆ ಎಂದು ಅಂದು ಅರ್ಥವಾಯಿತು.

ನನ್ನ ವಿಧಾನ ಸರಳ. ಪದವನ್ನು ಪುಸ್ತಕದಲ್ಲಿ ಇಪ್ಪತ್ತು ಸಲ ಬರೆಯುವ ಬದಲು ವಸ್ತುವಿನ ಮೇಲೆ ಒಂದು ಸಲ ಬರೆದು ಅಂಟಿಸುವುದು. ಪ್ರೆಸ್ಸಿನಿಂದ ಮಗ ತಂದ ಹಳದಿ ಕಾಗದ ಕತ್ತರಿಸಿ, ದಪ್ಪ ಮಸಿಯಲ್ಲಿ ಬರೆದು, ಗೋಂದು ಹಾಕಿ ಅಂಟಿಸಿದೆ. ಬಾಗಿಲು, ಕಿಟಕಿ, ಪರದೆ, ಗಡಿಯಾರ, ಲೋಟ, ಕತ್ತರಿ, ಬಕೆಟ್ಟು. ಸೊಸೆಯ ಪೆಟ್ಟಿಗೆಗೂ ‘ಪೆಟ್ಟಿಗೆ’ ಎಂದು ಅಂಟಿಸಿದೆ. ಹುಡುಗಿ ಮನೆಯಲ್ಲಿ ಓಡಾಡುತ್ತ ಮುಟ್ಟಿ ಮುಟ್ಟಿ ಓದತೊಡಗಿದಳು. ನಿದ್ದೆ ಹೋಗಲಿಲ್ಲ. ಮೇಷ್ಟ್ರಿಗೆ ಇನ್ನೇನು ಬೇಕು?

ಹೆಂಡತಿಗೆ ಮಾತ್ರ ಸಮಾಧಾನವಿಲ್ಲ. “ರೀ, ಬೀರುವಿನ ಬಣ್ಣ ಗೋಂದಿಗೆ ಕಿತ್ತು ಬರುತ್ತೆ,” ಎಂದಳು. “ವಿದ್ಯೆ ಮುಂದೆ ಬಣ್ಣ ಯಾವ ಲೆಕ್ಕ,” ಎಂದೆ. ಅವಳು ಅಂದಿನಿಂದ ನನ್ನೊಡನೆ ಮಾತು ಕಡಿಮೆ ಮಾಡಿದಳು. ಇದರ ಪರಿಣಾಮ ಮುಂದೆ ಬರುತ್ತದೆ.

ಒಂದೇ ಒಂದು ಕರಾರು ಇತ್ತು. ಚೀಟಿಗಳು ತನ್ನ ಪಾಠಕ್ಕೆಂದು ಹೊರಗೆ ಯಾರಿಗೂ ಹೇಳಬಾರದು ಎಂದು ಸೊಸೆ ಮಗನ ಬಾಯಿಂದ ಹೇಳಿಸಿದಳು. ಇಷ್ಟು ದೊಡ್ಡವಳು ಲೋಟ, ಬಕೆಟ್ಟು ಎಂದು ಕಲಿಯುವುದು ಗೊತ್ತಾದರೆ ಬೀದಿಯವರು ನಗುತ್ತಾರೆ ಎಂದು ಅವಳಿಗೆ ನಾಚಿಕೆ. “ನನ್ನ ಕತ್ತು ಹಿಸುಕಿದರೂ ಹೇಳಲ್ಲ,” ಎಂದು ಮಾತು ಕೊಟ್ಟೆ. ಹೆಂಡತಿಯೂ ಕೊಟ್ಟಳು. ಮಗ ಹೇಗೂ ಬಾಯಿ ಬಿಡುವ ಜಾತಿಯಲ್ಲ.

ಎರಡನೇ ವಾರ ಮೇಡಂ ಹೊಸ ಪಾಠ ಕೊಟ್ಟರು: ಯಾವ ವಸ್ತು ಯಾವುದಕ್ಕೆ. ನಾನೂ ಮೇಲಿನ ತರಗತಿಗೆ ಏರಿದೆ. ಒಲೆಯ ಮೇಲೆ ‘ಇದು ಒಲೆ. ಕೆಲಸ ಮುಗಿದ ಮೇಲೆ ಇದನ್ನು ಆರಿಸಬೇಕು’ ಎಂದು ಬರೆದೆ. ಹೊಸಿಲ ಬಳಿ ‘ಇವು ಚಪ್ಪಲಿ. ಹೊರಗೆ ಹೋಗುವಾಗ ಕಾಲಿಗೆ ಹಾಕಬೇಕು’. ಗೋಡೆಯಲ್ಲಿ ನನ್ನ ಮದುವೆಯ ಫೋಟೋ ಇತ್ತು. ಅದರಲ್ಲಿ ನನ್ನ ಹೆಂಡತಿಯ ಕೆಳಗೆ ‘ಇವರು ಅತ್ತೆ. ಇದೇ ಮನೆಯಲ್ಲಿ ಇದ್ದಾರೆ’ ಎಂದು ಅಂಟಿಸಿದೆ.

ಎದುರುಮನೆಯ ಕಾಂಪೌಂಡರ್ ಒಂದು ಬೆಳಿಗ್ಗೆ ಪೇಪರ್ ಕೇಳಿಕೊಂಡು ಬಂದ. ಇವನು ನಿವೃತ್ತನಾಗುವವರೆಗೆ ಒಬ್ಬ ಡಾಕ್ಟರ ಬಳಿ ಔಷಧಿ ಕಲಸಿ ಕೊಡುತ್ತಿದ್ದವನು. ಡಾಕ್ಟರು ತೀರಿಕೊಂಡ ಮೇಲೆ ಅವರ ವಿದ್ಯೆಯೆಲ್ಲ ತನಗೇ ಬಂದಿದೆ ಎಂದು ನಂಬಿದ್ದಾನೆ. ಒಳಗೆ ಬಂದವನು ಚಪ್ಪಲಿಯ ಚೀಟಿ ಓದಿದ. ಬಾಗಿಲಿನದು ಓದಿದ. ಮದುವೆಯ ಫೋಟೋದ ಮುಂದೆ ಬಹಳ ಹೊತ್ತು ನಿಂತ.

“ಡ್ರೈವರ್ರೇ, ಈ ಚೀಟಿಗಳೆಲ್ಲ ಯಾರಿಗೆ?” ಎಂದ ಮೆಲ್ಲಗೆ.

ಮಾತು ಕೊಟ್ಟಿದ್ದೆನಲ್ಲ. ಅದೂ ಅಲ್ಲದೆ ನನ್ನ ಮನೆಯ ಗೋಡೆ ಓದಿ ಇವನು ನನ್ನನ್ನೇ ಪ್ರಶ್ನೆ ಕೇಳುವುದೆಂದರೇನು? ರೇಗಿಹೋಯಿತು. “ನನಗೇ,” ಎಂದೆ. “ಏನೀಗ?”

ಅವನ ಮುಖದಲ್ಲಿ ಒಂದು ಕರುಣೆ ಇಳಿಯಿತು ನೋಡಿ, ಈಗ ನೆನೆದರೂ ರಕ್ತ ಕುದಿಯುತ್ತದೆ. ಪೇಪರ್ ಕೂಡ ತೆಗೆದುಕೊಳ್ಳದೆ ಹೊರಟ. ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದ ನನ್ನ ಹೆಂಡತಿಯ ಬಳಿ ನಿಂತು ತಗ್ಗಿದ ದನಿಯಲ್ಲಿ ಕೇಳಿದ: “ಅಕ್ಕ, ಇತ್ತೀಚೆಗೆ ಯಜಮಾನ್ರಿಗೆ ಮರೆವು ಜಾಸ್ತಿನಾ?”

ಅವತ್ತು ತಾನೇ ನಾನು ಅವಳು ಹೇಳಿದ ಸೋಪು ತರುವುದನ್ನು ಮರೆತಿದ್ದೆ. ಬೀರುವಿನ ಬಣ್ಣದ ಸಿಟ್ಟು ಬೇರೆ. “ಇತ್ತೀಚೆಗೇನು ಬಂತು,” ಎಂದಳು ಹೆಂಡತಿ, ಬಟ್ಟೆ ಕೊಡವುತ್ತ. “ಮೂವತ್ತು ವರ್ಷದಿಂದ ನಾನು ಹೇಳಿದ್ದು ಒಂದಾದ್ರೂ ನೆನಪಿದ್ಯಾ ಕೇಳಿ.”

ಕಾಂಪೌಂಡರ್ ಅದನ್ನು ಸಾಕ್ಷಿ ಎಂದು ಬರೆದುಕೊಂಡ. ಅವನ ಬಳಿ ಇದಕ್ಕೆಂದೇ ಒಂದು ನೋಟ್‌ಬುಕ್ ಇದೆ ಎಂದು ನನಗೆ ಆಮೇಲೆ ತಿಳಿಯಿತು.

ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಮಾರನೆಯ ದಿನ ಕಟಿಂಗ್ ಶಾಪಿನವನು ನನ್ನ ತಲೆಯನ್ನು ಮೊಟ್ಟೆ ಹಿಡಿದ ಹಾಗೆ ಹಿಡಿದು ಕತ್ತರಿಸಿದ. ಬೀದಿಯ ತಿರುವಿನಲ್ಲಿ ಯಾರೋ ನನ್ನ ಕೈ ಹಿಡಿದು ನನ್ನ ಮನೆಗೇ ದಾರಿ ತೋರಿಸಿದರು. “ನನಗೆ ಗೊತ್ತು ಕಣ್ರೀ,” ಎಂದು ಸಿಡಿದುಬಿದ್ದೆ. “ಗೊತ್ತಿರುತ್ತೆ, ಗೊತ್ತಿರುತ್ತೆ,” ಎಂದು ಬೆನ್ನು ಸವರಿದರು. ಬೆನ್ನು ಸವರಿಸಿಕೊಂಡು ಬದುಕುವ ವಯಸ್ಸಲ್ಲ ನನ್ನದು, ಐವತ್ತಾರು.

ಭಾನುವಾರ ನನ್ನ ಹೆಂಡತಿಯ ತಮ್ಮ ಬಂದ. ಕಾಂಪೌಂಡರೇ ಫೋನ್ ಮಾಡಿ ಕರೆಸಿದ್ದನಂತೆ. ಭಾವಮೈದುನ ನನ್ನೆದುರು ಮಂಡಿಯೂರಿ ಕೂತು, ಕಿವುಡನ ಹತ್ತಿರ ಮಾತಾಡುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.

“ಭಾವ. ನಾನು. ಯಾರು. ಗೊತ್ತಾಯ್ತಾ?”

“ಗೊತ್ತಿಲ್ಲದೇ ಇದ್ದಿದ್ರೆ ನನ್ನ ಪುಣ್ಯ,” ಎಂದೆ.

“ಗೊತ್ತಿಲ್ಲ ಅಂತಿದ್ದಾರೆ,” ಎಂದು ಅವನು ಬಾಗಿಲಲ್ಲಿ ನಿಂತ ಕಾಂಪೌಂಡರ್‌ಗೆ ಹೇಳಿದ. ಕಣ್ಣಲ್ಲಿ ನೀರು.

“ಮಾತು ಸರಿಯಾಗಿ ಕೇಳಿಸ್ಕೊಳ್ಳೋ ದಡ್ಡ ಮುಂಡೇದೇ,” ಎಂದು ಎದ್ದು ನಿಂತೆ.

“ಸಿಟ್ಟು,” ಎಂದ ಕಾಂಪೌಂಡರ್, ಬರೆದುಕೊಳ್ಳುತ್ತ. “ಮೊದಲನೇ ಲಕ್ಷಣವೇ ಸಿಟ್ಟು.”

“ನನಗೆ ಯಾವ ಕಾಯಿಲೆಯೂ ಇಲ್ಲ.”

“ಇಲ್ಲ ಅನ್ನೋದು ಎರಡನೇದು.”

ನಾನು ಬಾಯಿ ಮುಚ್ಚಿದೆ. ಮಾತು ನಿಲ್ಲುವುದು ಮೂರನೆಯದಂತೆ. ಈ ಕಾಯಿಲೆಯನ್ನು ಯಾರು ತಯಾರು ಮಾಡಿದರೋ, ಒಳಕ್ಕೆ ಹೋಗಲು ನೂರು ಬಾಗಿಲಿಟ್ಟು ಹೊರಕ್ಕೆ ಬರಲು ಒಂದನ್ನೂ ಇಟ್ಟಿಲ್ಲ. ಭಾವಮೈದುನ ಅಕ್ಕನನ್ನು ಕೇಳಲು ಅಡುಗೆಮನೆಗೆ ಹೋದ. ಅವಳು ಕೊಟ್ಟ ಮಾತಿಗೆ ಕಟ್ಟುಬಿದ್ದು, “ನನ್ನನ್ನೇನೂ ಕೇಳ್ಬೇಡಪ್ಪ,” ಎಂದು ಸೆರಗು ಬಾಯಿಗೆ ಹಿಡಿದಳು. ನಗು ತಡೆಯಲು ಹಿಡಿದದ್ದು ಎಂದು ಈಗ ಹೇಳುತ್ತಾಳೆ. ಅವನಿಗೆ ಅಳುವಿನ ಹಾಗೆ ಕಂಡಿತು.

ಸೊಸೆ ಇವೆಲ್ಲವನ್ನೂ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಜನ ಬಂದು ಹೋಗುವುದು, ನಾನು ಕೂಗುವುದು ಅವಳಿಗೆ ಕಾಣುತ್ತಿತ್ತು. ಏಕೆ ಎಂದು ಎಷ್ಟು ಅರ್ಥವಾಗುತ್ತಿತ್ತೋ ನಾನು ಕೇಳಲಿಲ್ಲ.

ಬೀದಿಯವರ ಮಾತಿಗೆ ನಾನು ಪಾಠ ನಿಲ್ಲಿಸುವವನೇ? ಇನ್ನೂ ಜೋರು ಮಾಡಿದೆ. ನಾಲ್ಕು ಹತ್ತರ ಟ್ರಿಪ್ಪಿನಲ್ಲಿ ಸೊಸೆ ನನ್ನ ಬಸ್ಸಿನಲ್ಲೇ ತರಗತಿಗೆ ಹೋಗುವುದು, ಇಂಜಿನ್ ಪಕ್ಕದ ಸೀಟಿನಲ್ಲಿ, ನನ್ನ ಎಡಕ್ಕೆ. ಇಪ್ಪತ್ತೈದು ನಿಮಿಷ ಸುಮ್ಮನೆ ವ್ಯರ್ಥ. ಬಸ್ಸಿನಲ್ಲೂ ಚೀಟಿ ಹಚ್ಚಿದೆ. ಅವಳ ಸೀಟಿಗೆ ಕಾಣುವ ಹಾಗೆ ದೊಡ್ಡ ಅಕ್ಷರ, ಬೇಕಾದಲ್ಲಿ ಬಾಣದ ಗುರುತು. ‘ಇದು ಸ್ಟೇರಿಂಗು. ಬಸ್ಸನ್ನು ತಿರುಗಿಸಲು ಇದನ್ನು ತಿರುಗಿಸಬೇಕು.’ ‘ಇದು ಕನ್ನಡಿ. ಹಿಂದೆ ಇರುವವರು ಇದರಲ್ಲಿ ಕಾಣುತ್ತಾರೆ.’ ‘ಇದು ಬ್ರೇಕು. ಬಸ್ಸು ನಿಲ್ಲಬೇಕಾದರೆ ಇದನ್ನು ತುಳಿಯಬೇಕು.’ ಮುಂದಿನ ಗಾಜಿನ ಮೂಲೆಯಲ್ಲಿ, ‘ಇದರ ಆಚೆ ಕಾಣುವುದು ರಸ್ತೆ.’

ಅವತ್ತೇ ಅವಳಿಗೆ ಜ್ವರ ಬಂದು ಮನೆಯಲ್ಲಿ ಮಲಗಿದಳು. ಚೀಟಿ ಕಿತ್ತಿಡಬೇಕೆಂದು ನನಗೆ ಹೊಳೆಯಲಿಲ್ಲ. ಅವಳ ಸೀಟಿನಲ್ಲಿ ಎರಡು ಚೀಲ ಹಿಡಿದ ಒಬ್ಬ ದಪ್ಪ ಹೆಂಗಸು ಕೂತಳು. ಓದು ಬರುವ ಹೆಂಗಸು. ಇಳಿಜಾರು ಶುರುವಾದಾಗ ಅವಳು ಗಟ್ಟಿಯಾಗಿ ಓದಿದಳು.

“ಇದು ಬ್ರೇಕು. ಬಸ್ಸು ನಿಲ್ಲಬೇಕಾದರೆ ಇದನ್ನು ತುಳಿಯಬೇಕು.”

ಬಸ್ಸಿನಲ್ಲಿ ಮಾತು ನಿಂತಿತು. ಮೂವತ್ತೊಂದು ವರ್ಷದಲ್ಲಿ ನನ್ನ ಬಸ್ಸು ಅಷ್ಟು ನಿಶ್ಶಬ್ದವಾಗಿದ್ದು ನಾನು ಕಂಡಿಲ್ಲ.

“ಯಾರಿಗೆ ಬರೆದಿರೋದು ಇದು?” ಎಂದು ಹಿಂದಿನಿಂದ ಯಾರೋ ಕೇಳಿದರು.

“ಅವರಿಗೇ,” ಎಂಬ ದನಿ ಬಂತು. ಕನ್ನಡಿಯಲ್ಲಿ ನೋಡಿದೆ. ಮೂರನೇ ಸಾಲಿನಲ್ಲಿ ಕಾಂಪೌಂಡರ್ ಕೂತಿದ್ದ. “ಮನೇಲೂ ಹಾಗೇ ಬರ್ಕೊಂಡಿದ್ದಾರೆ. ಹೆಂಡತಿ ಯಾರು ಅಂತಾನೂ ಬರ್ಕೊಂಡಿದ್ದಾರೆ, ಪಾಪ. ಯಾರೂ ಗಾಬರಿ ಆಗ್ಬೇಡಿ. ಅವರನ್ನ ರೇಗಿಸ್ಬೇಡಿ.”

“ನನ್ನನ್ನ ರೇಗಿಸ್ತಿರೋನು ನೀನೇ ಕಣೋ,” ಎಂದು ತಿರುಗಿ ಕೂಗಿದೆ.

“ರಸ್ತೆ ಮುಂದೆ ಇದೆ ಸಾರ್,” ಎಂದಳು ದಪ್ಪ ಹೆಂಗಸು, ಗಾಜಿನ ಚೀಟಿಯನ್ನು ಬೆರಳಿನಿಂದ ತೋರಿಸುತ್ತ. “ಇದರ ಆಚೆ.”

ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿದೆ. ಚೆನ್ನಾಗಿಯೇ ನಿಲ್ಲಿಸಿದೆ, ಒಂದು ಚೀಲ ಅಲುಗಲಿಲ್ಲ. ಆದರೂ ನಲವತ್ತು ಜನ ಒಬ್ಬರನ್ನೊಬ್ಬರು ತುಳಿದುಕೊಂಡು ಇಳಿದರು. ದಪ್ಪ ಹೆಂಗಸು ಇಳಿಯುವ ಮೊದಲು ನನ್ನ ತೋಳು ಮುಟ್ಟಿ, “ತುಳಿದ್ರಿ, ಒಳ್ಳೇದು,” ಎಂದಳು. ಕೊನೆಗೆ ನೋಡಿದರೆ ನನ್ನ ಕಂಡಕ್ಟರ್ ಕೂಡ ಕೆಳಗಿದ್ದ. ಹತ್ತೋ ಎಂದರೆ, “ನನಗೆ ಸಣ್ಣ ಮಕ್ಕಳಿದ್ದಾರೆ ಅಣ್ಣ,” ಎಂದ. ಖಾಲಿ ಬಸ್ಸನ್ನು ಡಿಪೋಗೆ ತಂದು ನಿಲ್ಲಿಸಿದೆ. ಹಲ್ಲು ಕಡಿದು ಕಡಿದು ದವಡೆ ನೋಯುತ್ತಿತ್ತು.

ಡಿಪೋ ಮ್ಯಾನೇಜರ್ ಸಾಹೇಬರು ಒಳ್ಳೆಯವರು. ಒಳ್ಳೆಯವರೊಂದಿಗೆ ಜಗಳ ಆಡುವುದು ಬಹಳ ಕಷ್ಟ. ಮೇಜಿನ ಮೇಲೆ ನನ್ನ ಹಳದಿ ಚೀಟಿಗಳನ್ನು ಸಾಲಾಗಿ ಇಟ್ಟುಕೊಂಡಿದ್ದರು.

“ಇದು ನಿಮ್ಮ ಅಕ್ಷರಾನಾ?”

“ಹೌದು ಸಾರ್.”

“ಯಾರಿಗೋಸ್ಕರ ಬರೆದಿದ್ದು?”

ನಾಲಿಗೆಯ ತುದಿಗೆ ಬಂತು. ಸೊಸೆಗೆ ಸಾರ್, ಪಾಠಕ್ಕೆ ಸಾರ್ ಎಂದು ಎರಡು ಮಾತು ಹೇಳಿದರೆ ಮುಗಿಯಿತು. ಆದರೆ ಹೊರಗೆ ಕಿಟಕಿಗೆ ಕಿವಿಯಿಟ್ಟು ಅರ್ಧ ಡಿಪೋ ನಿಂತಿತ್ತು. ಇಲ್ಲಿ ಹೇಳಿದ್ದು ಸಂಜೆಗೆ ಇಪ್ಪತ್ತೇಳನೇ ನಂಬರಿನ ದಾರಿಯುದ್ದಕ್ಕೂ ಹೋಗುತ್ತದೆ. ಆ ಹುಡುಗಿ ದಿನಾ ಅದೇ ಬಸ್ಸಿನಲ್ಲಿ, ಅದೇ ಜನರ ನಡುವೆ ಕೂರಬೇಕು.

“ಹಾಗೇ ಸಾರ್, ಸುಮ್ಮನೆ,” ಎಂದೆ.

ಸಾಹೇಬರು ನಿಟ್ಟುಸಿರು ಬಿಟ್ಟರು. ಬುಧವಾರ ಸಾರಿಗೆ ನಿಗಮದ ಡಾಕ್ಟರಮ್ಮನ ಮುಂದೆ ಪರೀಕ್ಷೆ. ಜೊತೆಗೆ ಮನೆಯವರೊಬ್ಬರು ಬಂದು ಹೇಳಿಕೆ ಕೊಡಬೇಕು. ಪಾಸಾದರೆ ಬಸ್ಸು. ಇಲ್ಲವಾದರೆ ನಿವೃತ್ತಿಯವರೆಗೆ ನಾಲ್ಕು ವರ್ಷ ಕೂತು ಮಾಡುವ ಕೆಲಸ.

“ಯಾವ ಕೆಲಸ ಸಾರ್?”

“ಕಳೆದುಹೋದ ಸಾಮಾನಿನ ಕೋಣೆ.”

ಮರೆವಿನವನನ್ನು ಜನ ಮರೆತುಹೋದ ಸಾಮಾನು ಕಾಯಲು ಕೂರಿಸುತ್ತಾರಂತೆ. ಆ ಕೋಣೆ ನಾನು ನೋಡಿದ್ದೇನೆ. ಕಿಟಕಿಯಿಲ್ಲ. ನೂರಾರು ಛತ್ರಿ, ಒಂಟಿ ಚಪ್ಪಲಿಗಳು, ಒಂದು ಹಲ್ಲಿನ ಸೆಟ್ಟು. ಆ ಹಲ್ಲನ್ನು ದಿನವೂ ನೋಡುತ್ತ ನಾಲ್ಕು ವರ್ಷ ಕೂರಬೇಕು. ನನಗೆ ಬೇರೇನೂ ಬರುವುದಿಲ್ಲ ಸ್ವಾಮಿ. ಬಸ್ಸು ಓಡಿಸುವುದು ಒಂದೇ ಬರುವುದು.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ, ನೀನು ಬಂದು ಹೇಳಿಕೆ ಕೊಡು ಎಂದು.

“ಬರ್ತೀನಿ. ಆದ್ರೆ ಇವರು ಏನೂ ಮರೆಯಲ್ಲ ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ,” ಎಂದಳು. “ಸೋಪು ತಂದ್ರಾ?”

ಬುಧವಾರ ಬೆಳಿಗ್ಗೆ ನಾನು ಒಬ್ಬನೇ ಹೊರಟೆ. ಗೇಟಿನ ಬಳಿ ಹೋಗುವಷ್ಟರಲ್ಲಿ ಸೊಸೆ ಚಪ್ಪಲಿ ಹಾಕಿಕೊಂಡು ಹಿಂದೆ ಬಂದಳು. “ನೀನ್ಯಾಕೆ?” ಎಂದು ಕೈಸನ್ನೆ ಮಾಡಿದೆ. ಅವಳು ಉತ್ತರ ಕೊಡದೆ ನನಗಿಂತ ಮುಂದೆ ನಡೆದಳು.

ಡಾಕ್ಟರಮ್ಮನ ಕೋಣೆಯಲ್ಲಿ ಕಾಂಪೌಂಡರ್ ಮೊದಲೇ ಕುರ್ಚಿ ಹಿಡಿದು ಕೂತಿದ್ದ. ರೋಗಿಯ ಹಿತೈಷಿ ಎಂದು ಹೇಳಿಕೊಂಡನಂತೆ. ಮಡಿಲಲ್ಲಿ ನೋಟ್‌ಬುಕ್. ಡಾಕ್ಟರಮ್ಮ ವಯಸ್ಸಾದವರು, ದಣಿದವರು. ತಲೆಯೆತ್ತದೆ ಶುರುಮಾಡಿದರು.

“ಮೂರು ಪದ ಹೇಳ್ತೀನಿ, ನೆನಪಿಟ್ಕೊಳ್ಳಿ. ಆಮೇಲೆ ಕೇಳ್ತೀನಿ. ಛತ್ರಿ, ನಿಂಬೆಹಣ್ಣು, ಸೇತುವೆ. ಈಗ ನೂರರಿಂದ ಏಳೇಳು ಕಳೀತಾ ಹೋಗಿ.”

“ನಾನು ಡ್ರೈವರ್ ಮೇಡಂ. ಲೆಕ್ಕ ಕಂಡಕ್ಟರ್‌ದು.”

“ಕಳೀರಿ.”

ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಕಳೆದೆ. ಎಪ್ಪತ್ತೆರಡು ಎನ್ನುವಾಗ ಕಾಂಪೌಂಡರ್ ‘ಭೇಷ್’ ಎಂದು ಮಗುವಿಗೆ ಹೇಳುವ ಹಾಗೆ ಹೇಳಿದ. ನನ್ನ ಪಿತ್ತ ನೆತ್ತಿಗೇರಿತು.

“ಈಗ ಆ ಮೂರು ಪದ?” ಎಂದರು ಡಾಕ್ಟರಮ್ಮ.

“ಛತ್ರಿ. ನಿಂಬೆಹಣ್ಣು.” ಮೂರನೆಯದು ಇಲ್ಲ. ತಲೆಯೊಳಗೆ ತಡಕಾಡಿದೆ, ಅಲ್ಲಿ ಕಾಂಪೌಂಡರ್‌ನ ಮುಖ ಬಿಟ್ಟರೆ ಏನೂ ಇರಲಿಲ್ಲ. ಕಾಂಪೌಂಡರ್ ಪೆನ್ನಿನ ಮುಚ್ಚಳ ತೆಗೆದ. ಡಾಕ್ಟರಮ್ಮ ಕಾಗದದ ಮೇಲೆ ಏನೋ ಬರೆಯಲು ಶುರುಮಾಡಿದರು.

“ಚೀಟಿಗಳು ನನ್ನವು.”

ಯಾರು ಮಾತಾಡಿದ್ದು ಎಂದು ನಾನು ಬಾಗಿಲ ಕಡೆ ನೋಡಿದೆ. ಸೊಸೆ. ಐದು ತಿಂಗಳಲ್ಲಿ ಅವಳ ಬಾಯಿಂದ ನಮ್ಮ ಭಾಷೆಯ ಒಂದು ಪೂರ್ತಿ ವಾಕ್ಯವನ್ನು ನಾನು ಕೇಳಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಕಿವಿಯೆಲ್ಲ ಕೆಂಪಗಾಗಿತ್ತು.

“ನಾನು ಭಾಷೆ ಕಲಿಯುತ್ತಿದ್ದೇನೆ. ಚೀಟಿಗಳು ನನ್ನ ಹೋಮ್‌ವರ್ಕು. ಮನೆಯಲ್ಲಿಯೂ, ಬಸ್ಸಿನಲ್ಲಿಯೂ. ಯಾರಿಗೂ ಹೇಳಬೇಡಿ ಎಂದು ನಾನು ಹೇಳಿದೆ. ಆದ್ದರಿಂದ ಮಾವ ಹೇಳಲಿಲ್ಲ.”

“ಪಾಪ, ಮಾವನ್ನ ಕಾಪಾಡೋಕೆ ಹೇಳ್ತಿದೆ ಮಗು,” ಎಂದ ಕಾಂಪೌಂಡರ್.

ಹುಡುಗಿ ಅವನ ಕಡೆ ತಿರುಗಿದಳು. “ನೀವು ಬಾಯಿ ಮುಚ್ಚಿ. ನಾನು ಇನ್ನೂ ಮುಗಿಸಲಿಲ್ಲ.”

ಇದನ್ನು ನಾನು ಯಾವ ಚೀಟಿಯಲ್ಲೂ ಬರೆದಿರಲಿಲ್ಲ. ಎದೆ ಉಬ್ಬಿತು.

“ಮಾವ ಏನನ್ನೂ ಮರೆಯುವುದಿಲ್ಲ,” ಎಂದು ಅವಳು ಡಾಕ್ಟರಮ್ಮನಿಗೆ ಹೇಳಿದಳು. “ಅದೇ ಕಷ್ಟ. ಮನೆಯಲ್ಲಿ ಏಣಿ ಇದೆ. ಏಣಿ ಎಂದು ಕಲಿಸುವಾಗ ಮಾವ ಹೇಳಿದರು, ಹತ್ತೊಂಬತ್ತು ವರ್ಷಗಳ ಹಿಂದೆ ಈ ಮನುಷ್ಯರು ಏಣಿ ತೆಗೆದುಕೊಂಡು ಹೋದರು. ಒಂದು ಮೆಟ್ಟಿಲು ಮುರಿದು ಕೊಟ್ಟರು. ಆ ದಿನ ಗುರುವಾರ. ಮಾವ ನನಗೆ ಐದು ಸಲ ಹೇಳಿದ್ದಾರೆ. ಐದು ಸಲವೂ ಗುರುವಾರವೇ.”

ಡಾಕ್ಟರಮ್ಮ ಮೊದಲ ಸಲ ತಲೆಯೆತ್ತಿದರು. “ಹೌದೇನ್ರೀ?” ಎಂದು ಕಾಂಪೌಂಡರ್‌ನನ್ನು ಕೇಳಿದರು.

“ಮೆಟ್ಟಿಲು ಮೊದಲೇ ಸಡಿಲ ಇತ್ತು,” ಎಂದ ಅವನು.

“ಗುರುವಾರ ಹೌದಾ?”

“ಇರಬಹುದು. ನನಗೆ ಸರಿಯಾಗಿ ನೆನಪಿಲ್ಲ.”

“ಬರ್ಕೊಳ್ರಿ ಅದನ್ನ,” ಎಂದೆ ನಾನು. “ನೋಟ್‌ಬುಕ್ ಇದೆಯಲ್ಲ.”

ಇಷ್ಟಕ್ಕೆ ನಿಲ್ಲಿಸಿದ್ದರೆ ನನಗೆ ಅದಕ್ಕಿಂತ ಸಂತೋಷದ ದಿನ ಇರುತ್ತಿರಲಿಲ್ಲ. ಆದರೆ ಹುಡುಗಿ ನಿಲ್ಲಿಸಲಿಲ್ಲ. ನನ್ನ ಕಡೆ ತಿರುಗಿದಳು. ಆ ಮುಖ ನೋಡಿ ನಾನು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದೆ.

“ಮಾವ, ನೀವು ನನ್ನ ಪೆಟ್ಟಿಗೆಗೆ ‘ಪೆಟ್ಟಿಗೆ’ ಎಂದು ಅಂಟಿಸಿದಿರಿ. ಅದು ನನ್ನ ಅಮ್ಮನ ಪೆಟ್ಟಿಗೆ. ಅದಕ್ಕೆ ನಮ್ಮ ಭಾಷೆಯಲ್ಲಿ ಹೆಸರು ಇದೆ. ನನ್ನ ಬಾಚಣಿಗೆಗೆ ಹೆಸರು ಇದೆ. ನನ್ನ ಚಪ್ಪಲಿಗೆ ಇದೆ. ನೀವು ಎಲ್ಲದರ ಮೇಲೆ ನಿಮ್ಮ ಹೆಸರು ಅಂಟಿಸಿದಿರಿ. ಐದು ತಿಂಗಳಲ್ಲಿ, ನಿಮ್ಮಲ್ಲಿ ಇದಕ್ಕೆ ಏನೆನ್ನುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ಅತ್ತೆ ಕೇಳಲಿಲ್ಲ. ನೀವು ಕೇಳಲಿಲ್ಲ. ನನಗೆ ಬಹಳ ಕೋಪ ಬಂದಿದೆ. ಕೋಪವನ್ನು ಹೇಳಲು ಪದಗಳು ಇರಲಿಲ್ಲ. ಈಗ ಇವೆ.”

ನನಗೆ ಎಲ್ಲರ ಮೇಲೂ ಸಿಟ್ಟು ಮಾಡಿ ಅಭ್ಯಾಸ. ನನ್ನ ಮೇಲೆ ಸಿಟ್ಟಾದವರಿಗೆ ತಿರುಗಿಸಿ ಕೊಟ್ಟು ಅಭ್ಯಾಸ. ಅವತ್ತು ತಿರುಗಿಸಿ ಕೊಡಲು ಬಾಯಿ ತೆರೆದೆ, ಏನೂ ಇರಲಿಲ್ಲ. ಹುಡುಗಿ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಡಾಕ್ಟರಮ್ಮ ಪೆನ್ನು ತಿರುಗಿಸುತ್ತ ಕೇಳಿದರು, “ಆ ಪೆಟ್ಟಿಗೆಗೆ ಅವರ ಭಾಷೇಲಿ ಏನಂತಾರೆ, ಡ್ರೈವರ್?”

“ಗೊತ್ತಿಲ್ಲ ಮೇಡಂ.”

“ಮರೆತ್ರಾ?”

“ಇಲ್ಲ. ಕೇಳೇ ಇಲ್ಲ.”

“ಅದು ಬೇರೆ ಕಾಯಿಲೆ. ನನ್ನ ಇಲಾಖೆಗೆ ಬರಲ್ಲ,” ಎಂದು ಡಾಕ್ಟರಮ್ಮ ಮುದ್ರೆ ಒತ್ತಿದರು. ‘ನೆನಪಿನ ಶಕ್ತಿ ಸರಿಯಾಗಿದೆ. ಬಸ್ಸು ಓಡಿಸಲು ಯೋಗ್ಯ.’ ಕಾಂಪೌಂಡರ್ ಕಾಗದವನ್ನು ಬಗ್ಗಿ ಓದಿ, ಇನ್ನೊಬ್ಬ ಡಾಕ್ಟರಿಗೂ ತೋರಿಸುವುದು ಒಳ್ಳೆಯದು ಎಂದ. ಅವನಿಗೆ ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮನೆಗೆ ಬರುವಾಗ ಬಸ್ಸಿನಲ್ಲಿ ಅವಳ ಪಕ್ಕ ಕೂತೆ. ನಾಲ್ಕು ಸ್ಟಾಪು ಕಳೆಯುವವರೆಗೆ ಧೈರ್ಯ ಬರಲಿಲ್ಲ. ಐದನೆಯದರಲ್ಲಿ, “ಆ ಪೆಟ್ಟಿಗೆಗೆ ನಿಮ್ಮಲ್ಲಿ ಏನಂತಾರಮ್ಮ?” ಎಂದು ಕೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು. ನಾನು ಹೇಳಿದೆ. ಅವಳು ತಲೆಯಾಡಿಸಿ ಇನ್ನೊಂದು ಸಲ ಹೇಳಿದಳು. ನಾನು ಇನ್ನೊಂದು ಸಲ ಹೇಳಿದೆ. ಹೀಗೆ ಮನೆಯವರೆಗೂ ನಡೆಯಿತು. ಮುಂದಿನ ಸೀಟಿನವರು ಎದ್ದು ಹಿಂದೆ ಹೋಗಿ ಕೂತರು.

ಮರುದಿನ ಏಳುವಷ್ಟರಲ್ಲಿ ನನ್ನ ಒಂದೊಂದು ಹಳದಿ ಚೀಟಿಯ ಕೆಳಗೂ ಒಂದೊಂದು ಬಿಳಿ ಚೀಟಿ ಇತ್ತು. ಸಣ್ಣ, ಅಚ್ಚುಕಟ್ಟಾದ ಅಕ್ಷರ, ನನಗೆ ಓದಲು ಬಾರದ ಲಿಪಿ. ಅವಳು ಒಂದೊಂದನ್ನೂ ಮುಟ್ಟಿ ಓದಿ ಹೇಳಿಕೊಟ್ಟಳು. ನನ್ನ ಹೆಂಡತಿಗೂ ಹೇಳಿಕೊಟ್ಟಳು. ಭಾನುವಾರ ಪರೀಕ್ಷೆ ಎಂದಳು.

ಭಾನುವಾರ ಮಧ್ಯಾಹ್ನ ಅವಳು ಬಿಳಿ ಚೀಟಿಗಳನ್ನೆಲ್ಲ ಕಿತ್ತು ಮುಷ್ಟಿಯಲ್ಲಿ ಹಿಡಿದು ನಡುಮನೆಯಲ್ಲಿ ನಿಂತಳು. ಹೆಂಡತಿ ಗಡಿಯಾರ, ಲೋಟ, ಕತ್ತರಿ ಎಲ್ಲವನ್ನೂ ಪಟಪಟನೆ ಹೇಳಿ ಪಾಸಾಗಿ, ಕೈಕಟ್ಟಿ ನನ್ನನ್ನೇ ನೋಡುತ್ತ ಕೂತಳು. ನನ್ನ ಸರದಿ. ಸೊಸೆ ಬಾಗಿಲು ತೋರಿಸಿದಳು. ಮೂವತ್ತು ವರ್ಷ ಒಳಗೆ ಹೋಗಿ ಹೊರಗೆ ಬಂದ ಬಾಗಿಲು. ಬೆಳಿಗ್ಗೆ ತಾನೇ ಹತ್ತು ಸಲ ಹೇಳಿಕೊಂಡಿದ್ದೆ. ಬರಲಿಲ್ಲ. ಕಿಟಕಿ ತೋರಿಸಿದಳು. ಅದೂ ಬರಲಿಲ್ಲ. ಕೋಪ ಎಲ್ಲಿಂದಲೋ ಕೊತಕೊತ ಕುದಿದು ಬಂತು, ಬಂದದ್ದು ನೇರ ನನ್ನ ಮೇಲೆಯೇ ಬಂತು.

ಅಷ್ಟರಲ್ಲಿ ಆ ಕಿಟಕಿಯಲ್ಲೇ ಕಾಂಪೌಂಡರ್ ಕಂಡ. ತನ್ನ ಮನೆಯ ಕಿಟಕಿಗೆ ಮೂಗೊತ್ತಿ, ನಾನು ಬಾಗಿಲ ಮುಂದೆ ತಲೆ ಕೆರೆದುಕೊಳ್ಳುವುದನ್ನೇ ನೋಡುತ್ತಿದ್ದ. ಕೈಯಲ್ಲಿ ಆಗಲೇ ಪೆನ್ನು. ನಾನು ದಡಬಡನೆ ಹೋಗಿ ಪರದೆ ಎಳೆದೆ.

“ಸರಿ, ಅದು ಏನು?” ಎಂದಳು ಸೊಸೆ.

ಪರದೆಯ ತುದಿ ನನ್ನ ಕೈಯಲ್ಲಿತ್ತು, ಅದರ ಹೆಸರು ಮಾತ್ರ ಅವಳ ಮುಷ್ಟಿಯಲ್ಲಿತ್ತು.